ಹೊಟ್ಟೆಗೆ ಕಟ್ಟಿಕೊಂಡ ಕಾಳು

ಬೆಳಗಿನ ನಾಲ್ಕೂವರೆ ಗಂಟೆ. ಮೂಡಲಗಿಯ ಒಂದು ಸಣ್ಣ ಅಡುಗೆಮನೆಯಲ್ಲಿ ಖಾದರಬಾಷಾ ಮೊದಲು ಸ್ವೆಟರ್ ಎತ್ತುತ್ತಾರೆ, ಆಮೇಲೆ ಅಂಗಿ ಎತ್ತುತ್ತಾರೆ, ಆಮೇಲೆ ಬನಿಯನ್. ಹೊಟ್ಟೆಗೆ ಸುತ್ತಿಕೊಂಡ ಹಳೆಯ ಸೀರೆಯ ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚುತ್ತಾರೆ. ಐದನೆಯ ಸುತ್ತಿಗೆ ಒದ್ದೆ ಬಟ್ಟೆಯ ಗಂಟೊಂದು ಕೈಗೆ ಬರುತ್ತದೆ. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ದೀಪದ ಬುಡಕ್ಕೆ ತಂದು ಬಿಚ್ಚಿದರೆ, ಒಳಗೆ ಹೆಸರುಕಾಳಿನಂಥ ಪುಟ್ಟ ಮಡಕಿ ಕಾಳು. ಒಂದೊಂದು ಕಾಳಿಗೂ ಉಗುರಿನಷ್ಟು ಬಿಳಿಯ ಬಾಲ.

"ಬಂದಾವ ನೋಡ್ರಿ," ಎನ್ನುತ್ತಾರೆ ಖಾದರಬಾಷಾ. ಆ ಮುಖದ ಸಂಭ್ರಮ ನೋಡಿದರೆ ಯಾರಾದರೂ ಪೇಡೆ ಹಂಚಲು ಹೊರಡಬೇಕು.

ಒಲೆಯ ಮುಂದೆ ಕೂತ ಹೆಂಡತಿ ಖಾತುನಬಿಗೆ ಈ ಸಂಭ್ರಮ ಹೊಸದಲ್ಲ. "ನಾಕ ಹಡದಾಕಿ ನಾ. ಬಾಣಂತನ ಮಾತ್ರ ಇವರದು," ಎಂದು ಆಕೆ ಹೊಗೆಯ ನಡುವಿನಿಂದಲೇ ಹೇಳುತ್ತಾರೆ. "ರಾತ್ರಿಯೆಲ್ಲಾ ಮಗ್ಗಲಾ ಹೊಳ್ಳಂಗಿಲ್ಲ. ಹೊಳ್ಳಿದ್ರ 'ಕಾಳು, ಕಾಳು' ಅಂತ ನಿದ್ದಿಗಣ್ಣಾಗ ಚೀರ್ತಾರ."

ಖಾದರಬಾಷಾ ಊರಿನ ಒಂದು ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್. ಅಲ್ಲಿ ಸೇರಿ ಈ 2004ಕ್ಕೆ ಇಪ್ಪತ್ತೊಂದು ವರ್ಷ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಎಲ್ಲರಿಗಿಂತ ಕೆಳಗೆ, ಹುಡುಗರ ಬಾಯಲ್ಲಿ ಖಾದರ ಚಾಚಾ. ಕಪ್ಪೆ ಹಿಡಿದು ತರುವುದು, ಸೂಕ್ಷ್ಮದರ್ಶಕದ ಗಾಜು ಒರೆಸುವುದು, ಗಂಟೆ ಹೊಡೆಯುವುದು, ಎಲ್ಲವೂ ಅವರದೇ. ಆದರೆ ಅವರ ಜೀವ ಇರುವುದು ಕಾಳಿನಲ್ಲಿ. ಪ್ರತಿ ವರ್ಷ ಫೆಬ್ರುವರಿಯ ಪ್ರಾಯೋಗಿಕ ಪರೀಕ್ಷೆಗೆ ಮೊಳಕೆ ಕಾಳು ಉಸಿರಾಡುವುದನ್ನು ತೋರಿಸಬೇಕು. ಪ್ರಯೋಗಾಲಯದಲ್ಲಿ ನೆನೆ ಹಾಕಿದರೆ ಇಲಿ ತಿನ್ನುತ್ತವೆ. ಇಲಿಯಿಂದ ಉಳಿದದ್ದನ್ನು ಹುಡುಗರು ತಿನ್ನುತ್ತಾರೆ. ಮನೆಯಲ್ಲಿ ಗೂಡಿನಲ್ಲಿಟ್ಟರೆ ಚಳಿಗೆ ಮೊಳಕೆ ಬೇಗ ಒಡೆಯುವುದಿಲ್ಲ. ಹೀಗಾಗಿ ಇಪ್ಪತ್ತೊಂದು ವರ್ಷಗಳಿಂದ ಮೂಡಲಗಿಯ ವಿಜ್ಞಾನ ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಮಲಗಿ ಬೆಳೆದಿದೆ.

ಪ್ರಯೋಗ ಬಹಳ ಸರಳ. ಗಾಜಿನ ಕುಪ್ಪಿಯೊಳಗೆ ಮೊಳಕೆ ಕಾಳು. ಬಿರಡೆಯಿಂದ ಬಾಗಿದ ಗಾಜಿನ ನಳಿಗೆಯೊಂದು ಹೊರಬಂದು ಬಣ್ಣದ ನೀರಿನಲ್ಲಿ ಅದ್ದಿರುತ್ತದೆ. ಕುಪ್ಪಿಯೊಳಗೆ ದಾರ ಕಟ್ಟಿ ತೂಗುಬಿಟ್ಟ ಪುಟ್ಟ ಕೊಳವೆಯಲ್ಲಿ ಕಾಸ್ಟಿಕ್ ಪೊಟ್ಯಾಶ್. ಕಾಳು ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದನ್ನು ಪೊಟ್ಯಾಶ್ ನುಂಗುತ್ತದೆ. ಒಳಗೆ ಗಾಳಿ ಕಡಿಮೆಯಾಗುತ್ತದೆ, ನಳಿಗೆಯಲ್ಲಿ ಬಣ್ಣದ ನೀರು ಏರುತ್ತದೆ. ಪಕ್ಕದಲ್ಲಿ ಇಂಥದೇ ಇನ್ನೊಂದು ಕುಪ್ಪಿ; ಅದರಲ್ಲಿ ಬೇಯಿಸಿದ ಕಾಳು. ಅವು ಸತ್ತವು, ಆದ್ದರಿಂದ ಅಲ್ಲಿ ನೀರು ಏರಬಾರದು.

ಹೋದ ವರ್ಷ ಏರಿತು. ಸತ್ತ ಕಾಳಿನ ಆರು ಕುಪ್ಪಿಗಳಲ್ಲೂ ಏರಿತು.

ಹುಕ್ಕೇರಿಯಿಂದ ಬಂದಿದ್ದ ಪರೀಕ್ಷಕ ಜಿನದತ್ತ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಮೂಡಲಗಿಯೊಳಗ ಬೇಯಿಸಿದ ಕಾಳೂ ಉಸಿರಾಡ್ತಾವಲ್ರಿ! ನಮ್ಮ ಹುಕ್ಕೇರಿಯೊಳಗ ಹಸೀವ ಆಡೂದಿಲ್ಲ," ಎಂದು ನಕ್ಕರು. ಕಣ್ಣಿಗೆ ಕಂಡದ್ದನ್ನು ಬರೆದ ಹುಡುಗರಿಗೆ ಅಂಕ ಕೊಡಬೇಕೋ, ಪುಸ್ತಕದಲ್ಲಿದ್ದದ್ದನ್ನು ಬರೆದವರಿಗೆ ಕೊಡಬೇಕೋ ಎಂಬ ಜಗಳ ಸಂಜೆಯವರೆಗೆ ನಡೆಯಿತು. ಸಂಜೆಯ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಚಹಾದಂಗಡಿಯ ರಾಯಪ್ಪ, "ಖಾದರಭಾಯಿ, ನಮ್ಮ ಮಾವ ತೀರಿಕೊಂಡಾರ, ಒಂದ ರಾತ್ರಿ ನಿಮ್ಮ ಹೊಟ್ಟಿಗೆ ಕಟ್ಟಿಕೊಳ್ರಿ, ಎದ್ದು ಕುಂತ್ರ ನಿಮಗ ಪುಣ್ಯಾ ಬರತೈತಿ," ಎಂದ. ಊರ ಬಾಯಿಗೆ ಬೀಗ ಹಾಕಿದವರುಂಟೆ? ಖಾದರಬಾಷಾ ಎಂಟು ದಿನ ಆ ಅಂಗಡಿಯ ಚಹಾ ಬಿಟ್ಟರು. ಅವರ ಮಟ್ಟಿಗೆ ಅದು ದೊಡ್ಡ ಉಪವಾಸ.

ತಪ್ಪು ಎಲ್ಲಾಗಿದೆ ಎಂದು ಕಾಲೇಜಿನಲ್ಲಿ ಬಿರಡೆ ನೋಡಿದರು, ನಳಿಗೆ ನೋಡಿದರು, ಪೊಟ್ಯಾಶಿನ ಡಬ್ಬಿಯ ಮೇಲಿನ ತಾರೀಖು ನೋಡಿದರು. ಚೆಲ್ಲಲೆಂದು ಮನೆಗೆ ತಂದ ಆ ಕಾಳನ್ನು ಖಾತುನಬಿ ಮೂಗಿನ ಹತ್ತಿರ ಹಿಡಿದದ್ದೇ ತಡ, ತೀರ್ಪು ಬಂತು. "ಹಳಸ್ಯಾವ ಇವು. ಯಾವಾಗ ಬೇಯಿಸಿದ್ರಿ?"

"ಹಿಂದಿನ ದಿನ ಮಧ್ಯಾಹ್ನ."

"ಬೇಯಿಸಿ ಎಲ್ಲಿ ಇಟ್ಟಿದ್ರಿ?"

ಖಾದರಬಾಷಾ ಹೊಟ್ಟೆಯನ್ನು ಮುಟ್ಟಿ ತೋರಿಸಿದರು.

ಅದಕ್ಕೆ ಅವರ ಕಡೆಯ ಸಮರ್ಥನೆಯೂ ಉಂಟು. ಜೀವಶಾಸ್ತ್ರ ಕಲಿಸುವ ಶುಭಾಂಗಿ ಮೇಡಂ ಸಂಕೇಶ್ವರದವರು, ಮನೆಯಲ್ಲಿ ಮರಾಠಿ, ಪಾಠದಲ್ಲಿ ಬಹಳ ಕಟ್ಟುನಿಟ್ಟು. "ಎರಡೂ ಕುಪ್ಪಿಗೆ ಎಲ್ಲಾ ಒಂದ ಸಮ ಇರಬೇಕು. ಒಂದರಾಗಿನ ಕಾಳು ಬದಕಿರಬೇಕು, ಇನ್ನೊಂದರಾಗಿಂದು ಸತ್ತಿರಬೇಕು. ಅಷ್ಟ ಫರಕ್," ಎಂದು ಅವರು ವರ್ಷಾ ವರ್ಷಾ ಹೇಳುವುದನ್ನು ಖಾದರಬಾಷಾ ಬಾಗಿಲ ಬಳಿ ನಿಂತು ಕೇಳಿದವರು. ಹೋದ ವರ್ಷ ಅದು ಅವರ ಮನಸ್ಸಿಗೆ ಸ್ವಲ್ಪ ಜಾಸ್ತಿಯೇ ನಾಟಿತು. "ಒಂದನ್ನ ಹೊಟ್ಟಿಗೆ ಕಟ್ಟಿಕೊಂಡು ಇನ್ನೊಂದನ್ನ ನೆಲದ ಮ್ಯಾಲ ಒಗದ್ರ ಅದು ಸಮಾನ ಆಗತೈತೇನ್ರಿ? ಸತ್ತಾವಂತ ಭೇದಭಾವ ಮಾಡಬಾರದು. ಅದಕ್ಕ ಎರಡೂ ಗಂಟು ಕಟ್ಟಿಕೊಂಡೆ," ಎನ್ನುತ್ತಾರೆ. ರಾತ್ರಿಯಿಡೀ ಬೆಚ್ಚಗೆ ಮಲಗಿದ ಬೆಂದ ಕಾಳು ಹಳಸಿತು, ಹಳಸಿದ್ದರ ಮೇಲೆ ಕಣ್ಣಿಗೆ ಕಾಣದ ಲಕ್ಷಾಂತರ ಜೀವಿಗಳು ಸಂಸಾರ ಹೂಡಿದವು, ಉಸಿರಾಡಿದ್ದು ಅವು. ಮರುದಿನ ಇದನ್ನು ಕೇಳಿದ ಶುಭಾಂಗಿ ಮೇಡಂ ಹಣೆ ಚಚ್ಚಿಕೊಂಡು, "ಅಗದೀ ಖರೆ. ಬ್ಯಾಕ್ಟೀರಿಯಾ! ಸಾಲಿ ಮೆಟ್ಟಲಾ ಹತ್ತದ ಖಾತುನವ್ವಗ ತಿಳೀತು, ನನಗ ತಿಳೀಲಿಲ್ಲ," ಎಂದರು.

ಪ್ರಾಚಾರ್ಯ ತಾತ್ಯಾಸಾಹೇಬರಿಗೆ ಮಾತ್ರ ಈ ವಾಸನೆಯ ಸಾಕ್ಷಿ ಒಪ್ಪಿಗೆಯಾಗಲಿಲ್ಲ. ಅವರು ಬಟ್ಟೆಯ ಬೆನ್ನಿರುವ, ಮೇಲೆ ಕೆಳಗೆ ಮರದ ಕೋಲಿರುವ ಒಂದು ದೊಡ್ಡ ನಕ್ಷೆ ತರಿಸಿದರು. ಅದರಲ್ಲಿ ಕುಪ್ಪಿ ಇದೆ, ನಳಿಗೆ ಇದೆ, ಏರಿದ ನೀರೂ ಇದೆ. ಎಂದೂ ಇಳಿಯುವುದಿಲ್ಲ, ಎಂದೂ ಹಳಸುವುದಿಲ್ಲ. "ಇದೊಂದು ವರ್ಷ ನೋಡೂಣು. ಈ ಸಲಾನೂ ಕಾಲೇಜಿನ ಮರ್ಯಾದಿ ಹೋದ್ರ ಕಾಳು ಬಂದ್, ನಕ್ಷಾ ಚಾಲೂ," ಎಂದು ಅಪ್ಪಣೆಯಾಯಿತು. ಆ ಕೊನೆಯ ಅವಕಾಶದ ದಿನ ಇವತ್ತೇ.

"ನೌಕರಿ ಹೋಗೂದಿಲ್ರಿ, ಪಗಾರ ಬರತೈತಿ," ಎನ್ನುತ್ತಾರೆ ಖಾದರಬಾಷಾ, ಕಾಳನ್ನು ಎರಡು ಪಾಲು ಮಾಡುತ್ತ. "ಆದ್ರ ಕಾಳು ಹ್ವಾದ್ರ ನಂದೇನು ಉಳೀತು? ಗಂಟಿ ಹೊಡ್ಯೂದು. ಗಂಟಿ ಯಾರರೇ ಹೊಡೀತಾರ."

ಹೀಗಾಗಿ ಇವತ್ತು ಬೇಯಿಸುವ ಕೆಲಸ ಖಾತುನಬಿಯದು. ನೀರು ಕುದಿಯುತ್ತಿದೆ. ಒಂದು ಪಾಲನ್ನು ಆಕೆ ಪಾತ್ರೆಗೆ ಸುರಿಯುತ್ತಾರೆ. ಇನ್ನೊಂದು ಕೈ ಅಭ್ಯಾಸ ಬಲದಿಂದ ಉಪ್ಪಿನ ಡಬ್ಬಿಗೆ ಹೋಗುತ್ತದೆ. ಖಾದರಬಾಷಾ ಹಾರಿ ಆ ಕೈ ಹಿಡಿಯುತ್ತಾರೆ. ಅರ್ಧ ತಾಸು ಕುದಿದ ಕಾಳು ಮುಚ್ಚಿದ ಪಾತ್ರೆಯಲ್ಲಿ ತಣ್ಣಗಾದ ಮೇಲೆ, ಅದಕ್ಕೆ ಮೇಡಂ ಕೊಟ್ಟ ಕ್ರಿಮಿನಾಶಕ ಔಷಧಿಯ ನಾಲ್ಕು ಹನಿ ಬೀಳುತ್ತವೆ. ಹಳಸಬಾರದೆಂದು ಒಂದು ಡಬ್ಬಿ ತುಂಬ ಕಾಳಿಗೆ ಇಷ್ಟು ಕಾವಲು ಈ ತಾಲೂಕಿನಲ್ಲಿ ಎಂದೂ ಬಿದ್ದಿರಲಾರದು.

ಲೆಕ್ಕ ಅವರಿಗೆ ಬಾಯಿಪಾಠ. ಆರು ಮೇಜು, ಮೇಜಿಗೆ ಎರಡರಂತೆ ಹನ್ನೆರಡು ಕುಪ್ಪಿ. ಕುಪ್ಪಿಗೆ ನೂರು ಕಾಳು, ಎಣಿಸಿಯೇ ಹಾಕಬೇಕು. ನಲವತ್ತಾರು ವಿದ್ಯಾರ್ಥಿಗಳು. ಅಂಗಡಿಯ ಕಾಳಿಗೆ ಹುಳ ಹಿಡಿಯದಂತೆ ಪುಡಿ ಸವರಿರುತ್ತಾರೆಂದು ಸೈಕಲ್ ತುಳಿದು ಕಲ್ಲೋಳಿಯ ರೈತರೊಬ್ಬರ ಮನೆಯಿಂದಲೇ ತರುತ್ತಾರೆ. ಪೊಟ್ಯಾಶ್ ತಗುಲಿ ಬಲಗೈಯ ಎರಡು ಬೆರಳ ತುದಿ ನುಣ್ಣಗಾಗಿವೆ. ಒಮ್ಮೆ ಅದು ಅಂಗಿಯ ಮೇಲೆ ಚೆಲ್ಲಿ ಅಂಗಿ ಜಾಳಿಗೆಯಾಯಿತು. ಮೊದಲ ಹತ್ತು ವರ್ಷ ಈ ಪ್ರಯೋಗ ಏನೆಂದೇ ಅವರಿಗೆ ತಿಳಿದಿರಲಿಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವರು, ಕೇಳಲು ನಾಚಿಕೆ. ಆಮೇಲೆ ಬಂದ ಶುಭಾಂಗಿ ಮೇಡಂ ಪಾಠದ ಹೊತ್ತಿನಲ್ಲಿ ಬಾಗಿಲ ಬಳಿ ಅವರಿಗೊಂದು ಸ್ಟೂಲು ಹಾಕಿಸಿದರು. ಆ ಸ್ಟೂಲಿನ ಮಾತು ಬಂದರೆ ಖಾದರಬಾಷಾರ ಕಣ್ಣು ಇವತ್ತಿಗೂ ಒದ್ದೆಯಾಗುತ್ತದೆ.

ಆ ಸ್ಟೂಲಿನ ಮೇಲೆ ಕೂತೇ ಅವರು ಎಲೆಕ್ಟ್ರಾನುಗಳ ಸಾಗಾಟ ಕಲಿತದ್ದು. ಜೀವಕೋಶದೊಳಗೆ ಅನ್ನದಿಂದ ಬಂದ ಎಲೆಕ್ಟ್ರಾನು ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತ, ದಾಟುವಾಗಲೆಲ್ಲ ಚೂರುಚೂರು ಶಕ್ತಿ ಬಿಡುತ್ತ, ಕೊನೆಗೆ ಆಮ್ಲಜನಕದ ಕೈ ಸೇರುತ್ತದೆ ಎಂಬ ಪಾಠ ಹುಡುಗರ ತಲೆಗೆ ಹತ್ತದಿದ್ದಾಗ, ಬಾಗಿಲ ಕಡೆಯಿಂದ ದನಿ ಬಂದಿತ್ತು.

"ಸ್ಲ್ಯಾಬ್ ಹಾಕೂದು ನೋಡೀರಿಲ್ಲೋ? ಕೈಯಿಂದ ಕೈಗೆ ಬುಟ್ಟಿ ಹೊಕ್ಕಾವ. ಹಂಗ."

"ಬುಟ್ಟಿ ಮ್ಯಾಲ ಏರ್ತಾವ ಚಾಚಾ. ಎಲೆಕ್ಟ್ರಾನು ಇಳಕೊಂತ ಹೋಗತೈತಿ," ಎಂದು ಮೇಡಂ ತಿದ್ದಿದ್ದರು.

"ಹಂಗಾರ ಖಾಲಿ ಬುಟ್ಟಿ ಅನ್ರಿ. ಅವು ಇಳೀತಾವಲ್ಲ? ತಳದಾಗ ಒಬ್ಬಾಂವ ಹಿಡಕೊಳ್ಳಾಂವ ಇರತಾನ. ಆಂವ ಚಾ ಕುಡ್ಯಾಕ ಹ್ವಾದ್ರ ಏನಾಗತೈತಿ? ಎಲ್ಲಾರೂ ಬುಟ್ಟಿ ಹಿಡಕೊಂಡು ನಿಂತಲ್ಲೇ ನಿಂದರತಾರ. ಸ್ಲ್ಯಾಬ್ ಬಂದ್. ಆ ತಳದ ಮನಷ್ಯಾನ ಆಕ್ಸಿಜನ್."

ಅಂದಿನಿಂದ ಮೂಡಲಗಿಯ ಹುಡುಗರು ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ತಪ್ಪು ಬರೆದದ್ದು ಕಡಿಮೆ. ಎಲೆಕ್ಟ್ರಾನು ಬಿಟ್ಟ ಶಕ್ತಿಯಿಂದ ಪ್ರೋಟಾನುಗಳನ್ನು ಗೋಡೆಯಾಚೆ ನೂಕಿ ಕೂಡಿಡುವುದು, ಅವು ಸಣ್ಣ ದಾರಿಯಿಂದ ಮರಳಿ ನುಗ್ಗುವಾಗ ಚಕ್ರ ತಿರುಗಿ ಜೀವಕೋಶದ ಇಂಧನವಾದ ಎಟಿಪಿ ತಯಾರಾಗುವುದು, ಇದಕ್ಕೂ ಚಾಚಾ ಬಳಿ ಉತ್ತರ ಸಿದ್ಧ: "ಗೋಕಾಕ ಫಾಲ್ಸಿನ ಕರೆಂಟಿನ ಮನಿ. ನೀರು ಬೀಳತೈತಿ, ಚಕ್ರಾ ತಿರಗತೈತಿ. ಮೈಯಾಗ ಅಂಥಾವು ಕೋಟಿ ಅದಾವ, ಯಾವಾಗೂ ಲೋಡ್ ಶೆಡ್ಡಿಂಗ್ ಇಲ್ಲ."

ಮೇಡಂ ಒಮ್ಮೆ ಕೇಳಿದರು. "ಚಾಚಾ, ನಿಮ್ಮ ಹೊಟ್ಟಿ ಮ್ಯಾಲ ಕಾಳು ಬೆಚ್ಚಗ ಇರತಾವಲ್ಲ, ಆ ಬಿಸಿ ಎಲ್ಲಿಂದ ಬಂತು? ಅದೂ ಇದ ಕೆಲಸದ್ದು. ನೀವು ತಿಂದ ರೊಟ್ಟಿ ನಿಮ್ಮೊಳಗ ಹಿಂಗ ಬುಟ್ಟಿ ದಾಟಿ ದಾಟಿ ಬಿಸಿ ಆಗೇತಿ." ಅವತ್ತು ಮನೆಗೆ ಬಂದ ಖಾದರಬಾಷಾ ಊಟಕ್ಕೆ ಕೂತು ರೊಟ್ಟಿಯನ್ನು ಬಹಳ ಹೊತ್ತು ನೋಡಿದರಂತೆ. ರೊಟ್ಟಿಯಲ್ಲಿ ಕೂದಲು ಬಂದಿದೆಯೆಂದು ಖಾತುನಬಿ ತಿಳಿದರು.

ಎಂಟು ಗಂಟೆಗೆ ಪ್ರಯೋಗಾಲಯದಲ್ಲಿ ಹನ್ನೆರಡೂ ಕುಪ್ಪಿಗಳು ಸಾಲಾಗಿ ನಿಂತಿವೆ. ಬಿರಡೆಗಳ ಸುತ್ತ ವ್ಯಾಸಲಿನ್, ಅದರ ಮೇಲೆ ಖಾತುನಬಿ ನಾದಿಕೊಟ್ಟ ಕಣಕದ ಮೆತ್ತೆ. ಪ್ರತಿ ನಳಿಗೆಯಲ್ಲೂ ನೀರು ನಿಂತ ಮಟ್ಟಕ್ಕೆ ಕೆಂಪು ದಾರದ ಗುರುತು. ಇನ್ನು ಕೆಲಸವೆಲ್ಲ ಕಾಳಿನದು.

ಒಂಬತ್ತೂವರೆಗೆ ಖಾದರಬಾಷಾ ಮೊಳಕೆ ಕಾಳಿನ ನಳಿಗೆ ನೋಡುತ್ತಾರೆ. ನೀರು ಏರಿಲ್ಲ. ಏರುವುದಿರಲಿ, ದಾರಕ್ಕಿಂತ ಕೆಳಗೆ ಇಳಿದಿದೆ.

ಶುಭಾಂಗಿ ಮೇಡಂ ಉಗುರು ಕಚ್ಚುತ್ತಿದ್ದಾರೆ. ಅಷ್ಟರಲ್ಲಿ ತಾತ್ಯಾಸಾಹೇಬರು ಬರುತ್ತಾರೆ. ಕಂಕುಳಲ್ಲಿ ನಕ್ಷೆ, ಕೈಯಲ್ಲಿ ಪರೀಕ್ಷಕರಿಗೆಂದು ಗೋಕಾಕದಿಂದ ತರಿಸಿದ ಕರದಂಟಿನ ಡಬ್ಬಿ. ಕುಪ್ಪಿ ನೋಡಿ ಅವರ ಮುಖ ಇಂಗು ತಿಂದ ಮಂಗನಂತಾಗುತ್ತದೆ. ಹೆದರಿದ ಮನುಷ್ಯನಿಗೆ ಉಪಾಯ ಬೇಗ ಹೊಳೆಯುತ್ತದೆ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳುತ್ತಾರೆ:

"ಖಾದರ, ಒಂದ ಕೆಲಸಾ ಮಾಡು. ನಳಗಿ ತುದಿಗೆ ಬಾಯಿ ಹಚ್ಚಿ ಒಂದ ಗುಟುಕು ಗಾಳಿ ಎಳದು, ತುದಿಗೆ ಬೆರಳು ಒತ್ತಿ ಹಿಡದು ಮತ್ತ ನೀರಾಗ ಅದ್ದಿಬಿಡು. ತಾನ ಏರತೈತಿ. ಯಾರಿಗೆ ಗೊತ್ತಾಗಬೇಕು?"

ಖಾದರಬಾಷಾರಿಗೆ ಈ ಉಪಾಯ ಹತ್ತು ವರ್ಷದಿಂದ ಗೊತ್ತು. ಆರು ಗುಟುಕು ಗಾಳಿ. ನಕ್ಷೆ ಬಾರದು, ನಗೆ ಬಾರದು, ಕಾಳು ಉಳಿಯುತ್ತದೆ. ಅವರು ಎರಡು ಕೈ ಜೋಡಿಸುತ್ತಾರೆ.

"ಸರ, ಉಸಿರಾಡಬೇಕಾದ್ದು ಕಾಳು. ನಾ ಅಲ್ರಿ."

"ಹಂಗಾರ ನಕ್ಷಾ ತೂಗು ಹಾಕ್ಲ್ಯಾ?"

"ಹತ್ತ ಮಿನಿಟು ಕೊಡ್ರಿ."

ಹತ್ತು ಮಿನಿಟಿನಲ್ಲಿ ಅವರು ಏನನ್ನೂ ಕದಲಿಸುವುದಿಲ್ಲ. ಬಗ್ಗಿ, ಮೊಳಕೆ ಕಾಳಿನ ನಳಿಗೆ ನೋಡುತ್ತಾರೆ. ಬೆಂದ ಕಾಳಿನ ನಳಿಗೆ ನೋಡುತ್ತಾರೆ. ಮುಂದಿನ ಮೇಜು, ಅದರ ಮುಂದಿನ ಮೇಜು. ಸತ್ತ ಕಾಳಿನ ನೀರೂ ಇಳಿದಿದೆ, ಅದಂತೂ ಇನ್ನೂ ಹೆಚ್ಚೇ ಇಳಿದಿದೆ. ಎರಡೂ ಕಡೆ ಇಳಿದರೆ ತಪ್ಪು ಕಾಳಿನದಲ್ಲ. ಎರಡಕ್ಕೂ ಸಮನಾಗಿ ತಗುಲುವ ಇನ್ನಾವುದರದೋ ತಪ್ಪು. ಅವರು ಒಂದು ಕುಪ್ಪಿಯನ್ನು ಮುಟ್ಟಿ ನೋಡುತ್ತಾರೆ. ಬೆಚ್ಚಗಿದೆ. ತಲೆಯೆತ್ತಿದರೆ ಪೂರ್ವದ ಕಿಟಕಿಯಿಂದ ಬಿಸಿಲು ನೇರ ಮೇಜಿನ ಮೇಲೆ ಬಿದ್ದಿದೆ.

"ಮೇಡಂ, ಪಡದೆ ಎಲ್ಲಿ ಹೋತ್ರಿ?"

ಪರದೆಯನ್ನು ಪ್ರಾಚಾರ್ಯರೇ ಪರೀಕ್ಷಕರ ಮುಂದೆ ಸ್ವಚ್ಛವಾಗಿ ಕಾಣಲೆಂದು ಅಗಸರಿಗೆ ಕೊಟ್ಟಿದ್ದರು. ಬಿಸಿಲಿಗೆ ಕುಪ್ಪಿಯ ಗಾಳಿ ಹಿಗ್ಗಿ ನೀರನ್ನು ಕೆಳಗೆ ದಬ್ಬುತ್ತಿದೆ. ಪಾಪದ ಕಾಳು ಅಷ್ಟು ಉಸಿರಾಡಿದರೂ ಆ ದಬ್ಬಾಟಕ್ಕೆ ಸಾಲುತ್ತಿಲ್ಲ. ಮೇಡಂ ಇದನ್ನು ಎರಡು ಮಾತಿನಲ್ಲಿ ವಿವರಿಸುವಷ್ಟರಲ್ಲಿ ಖಾದರಬಾಷಾ ಸ್ಟೂಲು ಎಳೆದುಕೊಂಡು ಕಿಟಕಿಗೆ ಹತ್ತಿಯಾಗಿದೆ.

"ಸರ, ಆ ನಕ್ಷಾ ಇತ್ತ ಕೊಡ್ರಿ."

ಕಾಳಿನ ಜಾಗ ಕಸಿಯಲು ಬಂದ ನಕ್ಷೆ ಕಿಟಕಿಗೆ ಪರದೆಯಾಗಿ ತೂಗುತ್ತದೆ. ನೆರಳು ಬೀಳುತ್ತದೆ. ಗೋಕಾಕದಲ್ಲಿ ಬಸ್ಸು ಬದಲಿಸುವ ಗಡಿಬಿಡಿಯಲ್ಲಿ ಪರೀಕ್ಷಕರು ತಡವಾದದ್ದು ದೇವರು ಕೊಟ್ಟ ಮುಕ್ಕಾಲು ತಾಸು. ಆ ಮುಕ್ಕಾಲು ತಾಸಿನಲ್ಲಿ ಕುಪ್ಪಿಗಳು ತಣ್ಣಗಾಗುತ್ತವೆ. ಬೆಂದ ಕಾಳಿನ ನೀರು ಮೆಲ್ಲಗೆ ಬಂದು ಕೆಂಪು ದಾರದ ಹತ್ತಿರ ನಿಂತುಬಿಡುತ್ತದೆ. ಮೊಳಕೆ ಕಾಳಿನದು ದಾರವನ್ನು ಮುಟ್ಟುತ್ತದೆ, ದಾಟುತ್ತದೆ, ಒಂದು ಬೆರಳು ಏರುತ್ತದೆ, ಎರಡು ಬೆರಳು ಏರುತ್ತದೆ. ಮೇಡಂ ಚಪ್ಪಾಳೆ ತಟ್ಟುತ್ತಾರೆ. ಖಾದರಬಾಷಾ ಗೋಡೆಗೆ ಒರಗಿ, ಬೆಳಗಿನಿಂದ ತಾವೇ ಉಸಿರಾಡಿರಲಿಲ್ಲವೆಂಬಂತೆ ಒಂದು ದೊಡ್ಡ ಉಸಿರು ಬಿಡುತ್ತಾರೆ.

ಜಿನದತ್ತ ಸರ್ ಬಂದವರೇ ನೇರವಾಗಿ ಸತ್ತ ಕಾಳಿನ ಕುಪ್ಪಿಗೆ ಹೋಗುತ್ತಾರೆ. ಆರೂ ಮೇಜು ಸುತ್ತುತ್ತಾರೆ. "ಈ ವರ್ಷ ಇವನ್ನ ಹೊಟ್ಟಿಗೆ ಕಟ್ಟಿಕೊಂಡಿಲ್ಲೇನು?" ಎಂದು ಕೇಳುತ್ತಾರೆ.

"ಜೀವ ಇದ್ದದ್ದನ್ನ ಅಷ್ಟ ಕಟ್ಟಿಕೊಂಡೇನ್ರಿ."

ಪರೀಕ್ಷಕರ ಕಣ್ಣು ಕಿಟಕಿಗೆ ಹೋಗುತ್ತದೆ. "ನಕ್ಷಾ ಉಲ್ಟಾ ತೂಗು ಹಾಕೀರಲ್ಲ?"

"ಉಲ್ಟಾ ಇದ್ರೂ ನೆರಳು ಸೀದಾ ಐತ್ರಿ."

ಜಿನದತ್ತ ಸರ್ ಈ ಸಲವೂ ನಗುತ್ತಾರೆ. ಆದರೆ ನಗುವುದಕ್ಕೆ ಮೊದಲು ಖಾದರಬಾಷಾರ ಬೆನ್ನ ಮೇಲೆ ಕೈ ಇಡುತ್ತಾರೆ. ಹಿಂದೆ ನಿಂತ ತಾತ್ಯಾಸಾಹೇಬರು ಕರದಂಟಿನ ಡಬ್ಬಿಯನ್ನು ಪರೀಕ್ಷಕರಿಗಿಂತ ಮೊದಲು ಅಟೆಂಡರನ ಮುಂದೆ ಹಿಡಿದು, "ಮುಂದಿನ ವರ್ಷಕ್ಕ ಕಾಳು ಎಷ್ಟ ಕಿಲೋ ಬೇಕು, ಬರದು ಕೊಡು," ಎನ್ನುತ್ತಾರೆ.

ಮಧ್ಯಾಹ್ನ ಮೂರಕ್ಕೆ ಎಲ್ಲ ಮುಗಿಯುತ್ತದೆ. ಕುಪ್ಪಿ ತೊಳೆದು ಬೋರಲು ಹಾಕಿ, ಉಸಿರಾಡಿದ ಕಾಳನ್ನು ಪ್ರಯೋಗಾಲಯದ ಹಿಂದಿನ ಮಡಿಯಲ್ಲಿ ಬಿತ್ತುತ್ತಾರೆ. ಇಷ್ಟು ವರ್ಷದಲ್ಲಿ ಅದರಲ್ಲಿ ಒಂದನ್ನೂ ಅವರು ಬಾಯಿಗೆ ಹಾಕಿಲ್ಲ. ದುಡಿದು ಬಂದದ್ದನ್ನು ಹುರಿದು ತಿನ್ನುವುದು ಅವರಿಗೆ ಒಗ್ಗುವುದಿಲ್ಲ. ಬಂದ ಬೆಳೆಯಲ್ಲಿ ಅರ್ಧ ಓಣಿಯ ಆಡುಗಳ ಪಾಲು. ರಾಯಪ್ಪನ ಅಂಗಡಿಯ ಮುಂದೆ ಹಾದಾಗ ರಾಯಪ್ಪನೇ ಕರೆದು ಚಹಾ ಕೊಡುತ್ತಾನೆ, ಮಾವನ ಮಾತು ಎತ್ತುವುದಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೆ, ಏನಾದರೂ ಆಸೆ ಉಳಿದಿದೆಯೇ ಎಂದರೆ ಖಾದರಬಾಷಾ ಹುಡುಗನೊಬ್ಬ ಬಿಟ್ಟುಹೋದ ಪ್ರಯೋಗದ ಪುಸ್ತಕ ತೆರೆದು ತೋರಿಸುತ್ತಾರೆ. ಬೇಕಾಗುವ ಸಾಮಗ್ರಿಗಳು: ಮೊಳಕೆ ಕಾಳು, ಕುಪ್ಪಿ, ಬಾಗಿದ ನಳಿಗೆ, ಬಿರಡೆ, ಪೊಟ್ಯಾಶ್, ದಾರ.

"ದಾರಾ ಸೈತ ಬರದಾರ ನೋಡ್ರಿ," ಎನ್ನುತ್ತಾರೆ. "ಅದರ ಕೆಳಗ 'ಬೆಚ್ಚಗಿನ ಹೊಟ್ಟಿ, ಒಂದು' ಅಂತ ಬರದ್ರ ಸಾಕ್ರಿ. ಹೆಸರೇನೂ ಬ್ಯಾಡ."

ಒಲೆಯ ಮುಂದೆ ಖಾತುನಬಿ ತಾವು ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕುತ್ತಾರೆ.

"ಅದರ ಕೆಳಗ 'ರೊಟ್ಟಿ, ನಾಕು' ಅಂತ ಬರೀರಿ," ಎನ್ನುತ್ತಾರೆ. "ಬಡದಾಕಿ ಹೆಸರೂ ಬ್ಯಾಡ."